ಸೀಸದ ವಿರುದ್ಧ ಎಡಿಸನ್ ಹೂಡಿದ ಸಮರ

ಥಾಮಸ್ ಆಲ್ವಾ ಎಡಿಸನ್ ಎಂದೊಡನೆ ಶಾಲೆಯ ಪಠ್ಯಪುಸ್ತಕಗಳು ನಮ್ಮ ಮುಂದಿಡುವುದು ಎರಡೇ ಚಿತ್ರ. ಒಂದು ಬೆಳಗುವ ಬಲ್ಬು, ಇನ್ನೊಂದು ಹಾಡುವ ಫೋನೋಗ್ರಾಫ್. ಇವೆರಡೂ ಆತನಿಗೆ ಮೂವತ್ತಮೂರು ತುಂಬುವ ಮೊದಲೇ ಮುಗಿದಿದ್ದ ಕೆಲಸಗಳು. ಐವತ್ತು ದಾಟಿದ ಮೇಲೆ, ಗಳಿಸಿದ್ದರಲ್ಲಿ ಬಹುಪಾಲನ್ನು ಕಳೆದುಕೊಂಡ ಮೇಲೆ, ಆತ ಹತ್ತು ವರ್ಷ ಹಟ ಹಿಡಿದು ಮಾಡಿದ ಕೆಲಸ ಇನ್ನೊಂದಿದೆ. ವಾಹನಗಳಿಂದ ಸೀಸದ ಬ್ಯಾಟರಿಯನ್ನು ಹೊರಹಾಕುವ ಕೆಲಸ.

ಅಮೆರಿಕದಲ್ಲಿ ಮನೆಯನ್ನೇ ಚಕ್ರದ ಮೇಲೆ ಹೇರಿಕೊಂಡು ಊರೂರು ತಿರುಗುವವರು ಬಹಳ. ಆ ವಾಹನವನ್ನು ಅವರು ಆರ್‌ವಿ ಎನ್ನುತ್ತಾರೆ. ಮೋಟಾರು ಮನೆ ಎಂದರೆ ನಮಗೆ ಅರ್ಥವಾದೀತು. ಆ ಮೋಟಾರು ಮನೆಗಳ ಮಾಲೀಕರು ಈಗ ಹಳೆಯ ಸೀಸದ ಬ್ಯಾಟರಿಗಳನ್ನು ಕಿತ್ತು ಲಿಥಿಯಂ ಬ್ಯಾಟರಿ ಕೂರಿಸಿಕೊಳ್ಳುತ್ತಿದ್ದಾರೆ. ಸೀಸಕ್ಕೆ ಬದಲಿ ಹುಡುಕುವ ಆ ಪ್ರಯತ್ನಕ್ಕೆ ನೂರು ವರ್ಷಕ್ಕೂ ಹಿಂದೆಯೇ ಕೈಹಾಕಿದವನು ಎಡಿಸನ್. ಆತನ ಬ್ಯಾಟರಿಯಲ್ಲೂ ಲಿಥಿಯಂ ಇತ್ತು ಎಂಬುದು ಅನೇಕರಿಗೆ ತಿಳಿಯದ ಸಂಗತಿ.

ಎಡಿಸನ್ ಜನಿಸಿದ್ದು 1847ರ ಫೆಬ್ರವರಿ 11ರಂದು, ಒಹಾಯೊ ರಾಜ್ಯದ ಮಿಲಾನ್ ಎಂಬ ಸಣ್ಣ ಊರಿನಲ್ಲಿ. ಶಾಲೆಗೆ ಹೋದದ್ದು ಕೆಲವೇ ತಿಂಗಳು. ಓದು ಬರಹ ಕಲಿಸಿದವಳು ತಾಯಿ. ಹುಡುಗನಾಗಿದ್ದಾಗಲೇ ರೈಲಿನಲ್ಲಿ ಪತ್ರಿಕೆ ಮಾರಿದ, ಹದಿಹರೆಯದಲ್ಲಿ ತಂತಿ ಕಚೇರಿ ಸೇರಿದ. ಆ ಕಾಲದ ತಂತಿ ಕಚೇರಿಗಳು ನಡೆಯುತ್ತಿದ್ದುದು ಬ್ಯಾಟರಿಗಳ ಬಲದಿಂದ. ಹೀಗಾಗಿ ಗಾಜಿನ ಪಾತ್ರೆ, ಲೋಹದ ತಗಡು, ಆಮ್ಲದ ವಾಸನೆ ಇವುಗಳ ನಡುವೆಯೇ ಆತ ಬೆಳೆದ.

ಕೆಂಟಕಿಯ ಲೂಯಿವಿಲ್ ನಗರದ ತಂತಿ ಕಚೇರಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಗ ನಡೆದ ಘಟನೆಯೊಂದು ಪ್ರಸಿದ್ಧ. ಕೆಲಸದ ಬಿಡುವಿನಲ್ಲಿ ಬ್ಯಾಟರಿಯೊಡನೆ ಪ್ರಯೋಗ ನಡೆಸುತ್ತಿದ್ದ ಎಡಿಸನ್‌ನ ಕೈಯಿಂದ ಗಂಧಕಾಮ್ಲ ನೆಲಕ್ಕೆ ಚೆಲ್ಲಿತು. ಹಲಗೆಗಳ ಸಂದಿನಿಂದ ಇಳಿದು ಕೆಳಗಿನ ಕೋಣೆಯಲ್ಲಿದ್ದ ಮೇಲಧಿಕಾರಿಯ ಮೇಜನ್ನು ಸುಟ್ಟಿತು. ಮರುದಿನ ಬೆಳಿಗ್ಗೆ ಕೆಲಸ ಹೋಯಿತು. ಆಮ್ಲದ ಬ್ಯಾಟರಿಯ ಮೇಲೆ ಆತನಿಗಿದ್ದ ಮುನಿಸು ಅಂದೇ ಹುಟ್ಟಿತೆಂದು ಹೇಳುವುದು ಕಥೆಗೆ ಚೆಂದ, ಚರಿತ್ರೆಗಲ್ಲ. ಮುನಿಸಿಗೆ ಬೇರೆ ಗಟ್ಟಿ ಕಾರಣಗಳಿದ್ದವು.

ಸೀಸದ ಬ್ಯಾಟರಿಯನ್ನು ಕಂಡುಹಿಡಿದವನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ, 1859ರಲ್ಲಿ. ಇಂದಿಗೂ ನಮ್ಮ ಮನೆಗಳ ಯುಪಿಎಸ್ ಪಕ್ಕದಲ್ಲಿ ಕೂತು ಆಗಾಗ್ಗೆ ಡಿಸ್ಟಿಲ್ಡ್ ವಾಟರ್ ಬೇಡುವುದು ಅದೇ ವಂಶದ ಕುಡಿ. ಸೀಸದ ಫಲಕಗಳು, ನಡುವೆ ಗಂಧಕಾಮ್ಲ. ಅಗ್ಗ, ನಂಬಿಕಸ್ತ, ಬೇಕೆಂದಾಗ ಒಮ್ಮೆಲೇ ದೊಡ್ಡ ಪ್ರವಾಹ ಕೊಡಬಲ್ಲದು. ಆದರೆ ತೂಕ ಅಪಾರ. ಪೂರ್ತಿ ಬರಿದಾಗಲು ಬಿಟ್ಟರೆ ಫಲಕಗಳ ಮೇಲೆ ಗಟ್ಟಿ ಲವಣ ಕಟ್ಟಿ ಆಯುಷ್ಯ ಕುಂದುತ್ತದೆ. ಆಮ್ಲ ಸುತ್ತಲಿನ ಕಬ್ಬಿಣವನ್ನೂ ಮರವನ್ನೂ ತಿನ್ನುತ್ತದೆ. 1880ರ ದಶಕದಲ್ಲಿ ಹೂಡಿಕೆದಾರರೆಲ್ಲ ಇದರ ಹಿಂದೆ ಬಿದ್ದಾಗ ಎಡಿಸನ್ ಇದನ್ನು ಷೇರು ಮಾರುವವರ ಮೋಸವೆಂದೇ ಜರೆದಿದ್ದ.

ಆ ದಶಕದಲ್ಲಿ ಆತನ ಗಮನವೆಲ್ಲ ಇದ್ದುದು ನಗರಗಳಿಗೆ ವಿದ್ಯುತ್ ಹಂಚುವುದರ ಮೇಲೆ. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುದಾಗಾರ ಆರಂಭವಾಯಿತು. ಏಕಮುಖ ವಿದ್ಯುತ್ತೇ ಶ್ರೇಷ್ಠವೆಂಬ ಆತನ ವಾದ ಮಾರುಕಟ್ಟೆಯಲ್ಲಿ ಸೋತಿತು. 1892ರಲ್ಲಿ ಆತನ ಕಂಪೆನಿ ವಿಲೀನಗೊಂಡು ಜನರಲ್ ಎಲೆಕ್ಟ್ರಿಕ್ ಆಯಿತು, ಆತನ ಹೆಸರೇ ಫಲಕದಿಂದ ಮಾಯವಾಯಿತು. ಬಂದ ಹಣವನ್ನು ಎಡಿಸನ್ ನ್ಯೂಜೆರ್ಸಿಯ ಬೆಟ್ಟವೊಂದರಲ್ಲಿ ಸುರಿದ. ಬಂಡೆಗಳನ್ನು ಪುಡಿ ಮಾಡಿ ಅಯಸ್ಕಾಂತದಿಂದ ಕಬ್ಬಿಣದ ಅದಿರು ಬೇರ್ಪಡಿಸುವ ಆ ಕಾರ್ಖಾನೆ, ಅಮೆರಿಕದ ಬೇರೆಡೆ ಅಗ್ಗದ ಅದಿರು ಸಿಕ್ಕೊಡನೆ ನೆಲ ಕಚ್ಚಿತು.

ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ವಿಶ್ರಾಂತಿ ಪಡೆಯುತ್ತಿದ್ದರೇನೋ. ಎಡಿಸನ್ ಬ್ಯಾಟರಿಯ ಕಡೆ ತಿರುಗಿದ.

ಕಾರಣವಿತ್ತು. 1900ರ ಸುಮಾರಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಮೋಟಾರು ಗಾಡಿಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ವಿದ್ಯುತ್ತಿನಿಂದ ಓಡುತ್ತಿದ್ದವು. ಉಳಿದವು ಹಬೆಯ ಗಾಡಿಗಳು ಮತ್ತು ಪೆಟ್ರೋಲ್ ಗಾಡಿಗಳು. ಪೆಟ್ರೋಲ್ ಗಾಡಿ ಗದ್ದಲ, ವಾಸನೆ, ಕೈಮುರಿಯುವ ಹ್ಯಾಂಡಲ್‌ಗಳ ಸಂತೆ. ವಿದ್ಯುತ್ ಗಾಡಿ ಸದ್ದಿಲ್ಲದೆ ಹೊರಡುತ್ತಿತ್ತು, ಆದರೆ ಅದರ ಹೊಟ್ಟೆಯಲ್ಲಿದ್ದ ಸೀಸವೇ ಅದಕ್ಕೆ ಭಾರವಾಗಿತ್ತು. ಸೀಸಕ್ಕಿಂತ ಹಗುರವಾದ, ಆಮ್ಲವಿಲ್ಲದ, ಒರಟು ರಸ್ತೆಯಲ್ಲಿ ಕುಲುಕಿದರೂ ಕೆಡದ ಬ್ಯಾಟರಿ ಸಿಕ್ಕರೆ ವಿದ್ಯುತ್ ಗಾಡಿಯೇ ಗೆಲ್ಲುತ್ತದೆ ಎಂಬುದು ಎಡಿಸನ್‌ನ ಲೆಕ್ಕ. ಲೆಕ್ಕ ತಪ್ಪಾಗಿರಲಿಲ್ಲ. ತಪ್ಪಿದ್ದು ಕಾಲ.

ಆಮ್ಲ ಬೇಡ ಎಂದ ಮೇಲೆ ಉಳಿದದ್ದು ಕ್ಷಾರ. ವೆಸ್ಟ್ ಆರೆಂಜ್ ಪ್ರಯೋಗಾಲಯದಲ್ಲಿ ಸಾವಿರಾರು ಪ್ರಯೋಗಗಳು ನಡೆದವು. ಒಂದೊಂದೇ ಲೋಹವನ್ನು ಕ್ಷಾರದಲ್ಲಿ ಮುಳುಗಿಸಿ ನೋಡಿ, ಕೊನೆಗೆ ಒಂದು ಬದಿಗೆ ಕಬ್ಬಿಣ, ಇನ್ನೊಂದು ಬದಿಗೆ ನಿಕ್ಕಲ್ ಎಂದು ತೀರ್ಮಾನವಾಯಿತು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಎಂಬಾತನೂ ಇದೇ ದಾರಿಯಲ್ಲಿದ್ದ, ಇಬ್ಬರ ನಡುವೆ ಪೇಟೆಂಟ್ ಕದನವೂ ನಡೆಯಿತು. ಎಡಿಸನ್ ಒಬ್ಬನೇ ಕಂಡುಹಿಡಿದ ಎಂದು ಬರೆಯುವವರು ಈ ಸ್ವೀಡನ್ನಿನವನನ್ನು ಮರೆಯುವುದು ನ್ಯಾಯವಲ್ಲ.

1901ರಲ್ಲಿ ಎಡಿಸನ್ ಸ್ಟೋರೇಜ್ ಬ್ಯಾಟರಿ ಕಂಪೆನಿ ಸ್ಥಾಪನೆಯಾಯಿತು. 1903ರಲ್ಲಿ ಮೊದಲ ಮಾದರಿ ಮಾರುಕಟ್ಟೆಗೆ ಬಂತು. ಪತ್ರಿಕೆಗಳು ಹಾಡಿ ಹೊಗಳಿದವು, ಆ ಹೊಗಳಿಕೆಗೆ ಎಡಿಸನ್‌ನದೇ ಕುಮ್ಮಕ್ಕಿತ್ತೆಂಬುದು ಬೇರೆ ಮಾತು. ಆದರೆ ಬೀದಿಗಿಳಿದ ಬ್ಯಾಟರಿಗಳ ಡಬ್ಬಿ ಸೋರತೊಡಗಿತು. ನಿಕ್ಕಲ್ ಜೊತೆ ಬೆರೆಸಿದ್ದ ಗ್ರ್ಯಾಫೈಟ್ ಕೈಕೊಟ್ಟು ಶಕ್ತಿ ದಿನೇ ದಿನೇ ಕುಸಿಯಿತು.

ಎಡಿಸನ್‌ನ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ನಿರ್ಧಾರ ಇದರ ಹಿಂದೆಯೇ ಬಂದದ್ದು. 1904ರ ಕೊನೆಗೆ ಆತ ಕಾರ್ಖಾನೆಯನ್ನು ನಿಲ್ಲಿಸಿದ. ಗ್ರಾಹಕರು ಬೇಡಿಕೆ ಇಡುತ್ತಲೇ ಇದ್ದರು, ಆದರೂ ಕೆಟ್ಟ ಬ್ಯಾಟರಿಗಳನ್ನು ಹಣ ಕೊಟ್ಟು ವಾಪಸು ಪಡೆದ. ಪ್ರಚಾರಪ್ರಿಯ, ಹಟಮಾರಿ, ಪ್ರತಿಸ್ಪರ್ಧಿಗಳನ್ನು ಹಳಿಯುವುದರಲ್ಲಿ ನಿಸ್ಸೀಮ ಎಂದೆಲ್ಲ ಹೆಸರು ಪಡೆದಿದ್ದ ಮನುಷ್ಯ ಇಲ್ಲಿ ತನ್ನ ಸರಕು ಸರಿಯಿಲ್ಲವೆಂದು ಒಪ್ಪಿ ಐದು ವರ್ಷ ಮತ್ತೆ ಬೆಂಚಿನ ಮುಂದೆ ಕೂತ. ಆತನ ಮುಖ್ಯ ರಸಾಯನಶಾಸ್ತ್ರಜ್ಞ ಜೋನಸ್ ಐಲ್ಸ್‌ವರ್ತ್ ಹೆಗಲಿಗೆ ಹೆಗಲು ಕೊಟ್ಟ.

ಆ ಐದು ವರ್ಷಗಳ ಕೆಲಸ ಬೆರಗು ಹುಟ್ಟಿಸುವಂಥದ್ದು. ಗ್ರ್ಯಾಫೈಟ್ ಬದಲಿಗೆ ಶುದ್ಧ ನಿಕ್ಕಲ್ ಬೇಕಿತ್ತು, ಅದೂ ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಯ ರೂಪದಲ್ಲಿ. ಅದಕ್ಕಾಗಿ ತಾಮ್ರದ ಪದರ, ನಿಕ್ಕಲಿನ ಪದರ, ಮತ್ತೆ ತಾಮ್ರ, ಮತ್ತೆ ನಿಕ್ಕಲ್ ಹೀಗೆ ಒಂದರ ಮೇಲೊಂದು ವಿದ್ಯುಲ್ಲೇಪನ ಮಾಡಿ, ಅನಂತರ ತಾಮ್ರವನ್ನು ಮಾತ್ರ ಕರಗಿಸಿ ತೆಗೆದರು. ಉಳಿದ ನಿಕ್ಕಲ್ ಪರೆಗಳನ್ನು ರಂಧ್ರವಿರುವ ಉಕ್ಕಿನ ಕೊಳವೆಗಳಲ್ಲಿ ನಿಕ್ಕಲ್ ಹೈಡ್ರಾಕ್ಸೈಡ್ ಜೊತೆ ತುಂಬಿದರು. ಸಿದ್ಧವಾದ ಬ್ಯಾಟರಿಗಳನ್ನು ಮಹಡಿಯ ಕಿಟಕಿಯಿಂದ ಕೆಳಕ್ಕೆ ಎಸೆದು ಪರೀಕ್ಷಿಸಿದರು. ಗಾಡಿಗಳಿಗೆ ಹೇರಿ ಕಚ್ಚಾ ರಸ್ತೆಗಳಲ್ಲಿ ಕುಲುಕಿಸಿದರು.

ಈ ಹುಡುಕಾಟದಲ್ಲೇ ಲಿಥಿಯಂ ಒಳಬಂದದ್ದು. ಪೊಟ್ಯಾಸಿಯಂ ಕ್ಷಾರದ ದ್ರಾವಣಕ್ಕೆ ಒಂದಿಷ್ಟು ಲಿಥಿಯಂ ಹೈಡ್ರಾಕ್ಸೈಡ್ ಸೇರಿಸಿದರೆ ಬ್ಯಾಟರಿಯ ಸಾಮರ್ಥ್ಯವೂ ಆಯುಷ್ಯವೂ ಏರುವುದು ಕಂಡುಬಂತು. 1908ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಇಂದಿನ ಲಿಥಿಯಂ ಬ್ಯಾಟರಿಗೂ ಇದಕ್ಕೂ ನೇರ ನಂಟಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಇಂದಿನದರಲ್ಲಿ ಲಿಥಿಯಂ ಅಯಾನುಗಳೇ ಆಚೀಚೆ ಸಂಚರಿಸಿ ಶಕ್ತಿ ಹೊರುತ್ತವೆ, ಎಡಿಸನ್‌ನದರಲ್ಲಿ ಅದು ಸಾರಿಗೆ ಹಾಕಿದ ಉಪ್ಪಿನಂತೆ.

1909ರಲ್ಲಿ ಹೊಸ ಮಾದರಿ ಹೊರಬಂತು. ಈ ಬಾರಿ ದೂರುಗಳಿಲ್ಲ. ಪೂರ್ತಿ ಬರಿದು ಮಾಡಿದರೂ, ತಿಂಗಳುಗಟ್ಟಲೆ ಮೂಲೆಗೆ ತಳ್ಳಿದರೂ ಕೆಡದ ಬ್ಯಾಟರಿ ಅದು. ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರಿಗೆ 1911ರಿಂದ 600 ಡಾಲರ್ ಹೆಚ್ಚುವರಿ ಕೊಟ್ಟು ಇದನ್ನು ಹಾಕಿಸಿಕೊಳ್ಳಬಹುದಿತ್ತು. ಒಂದು ಪರೀಕ್ಷೆಯಲ್ಲಿ ಆ ಕಂಪೆನಿಯ ಕಾರು ಒಂದೇ ಚಾರ್ಜಿನಲ್ಲಿ 211 ಮೈಲಿ, ಅಂದರೆ ಸುಮಾರು 340 ಕಿಲೋಮೀಟರ್ ಓಡಿತು.

ಅಷ್ಟರಲ್ಲಿ ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರು ಬೀದಿಗಿಳಿದು ವರ್ಷವಾಗಿತ್ತು. ವಿಪರ್ಯಾಸವೆಂದರೆ, ಫೋರ್ಡ್ ಹಿಂದೆ ಡೆಟ್ರಾಯಿಟ್‌ನ ಎಡಿಸನ್ ವಿದ್ಯುತ್ ಕಂಪೆನಿಯಲ್ಲೇ ಎಂಜಿನಿಯರ್. 1896ರಲ್ಲಿ ನ್ಯೂಯಾರ್ಕಿನ ಔತಣಕೂಟವೊಂದರಲ್ಲಿ ತನ್ನ ಪೆಟ್ರೋಲ್ ಗಾಡಿಯ ವಿಚಾರ ವಿವರಿಸಿದಾಗ ಬೆನ್ನು ತಟ್ಟಿ ಹುರಿದುಂಬಿಸಿದವನು ಸ್ವತಃ ಎಡಿಸನ್. 1912ರಲ್ಲಿ ಚಾರ್ಲ್ಸ್ ಕೆಟರಿಂಗ್‌ನ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಪೆಟ್ರೋಲ್ ಗಾಡಿಯ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು. ಆ ಸ್ಟಾರ್ಟರ್‌ಗೆ ಬೇಕಿದ್ದುದು ಕ್ಷಣಮಾತ್ರದಲ್ಲಿ ದೊಡ್ಡ ಪ್ರವಾಹ. ಅದನ್ನು ಕೊಡಬಲ್ಲದ್ದು ಸೀಸದ ಬ್ಯಾಟರಿಯೇ. ಎಡಿಸನ್‌ನದಕ್ಕೆ ಒಳಪ್ರತಿರೋಧ ಹೆಚ್ಚು, ಚಳಿಯಲ್ಲಂತೂ ಇನ್ನೂ ನಿಧಾನ. ಹೀಗೆ ಯಾವುದನ್ನು ವಾಹನದಿಂದ ಹೊರಹಾಕಲು ಆತ ಹೊರಟಿದ್ದನೋ ಅದು ಪ್ರತಿ ಪೆಟ್ರೋಲ್ ಕಾರಿನ ಬಾನೆಟ್ ಕೆಳಗೆ ಕಾಯಂ ನೆಲೆಯೂರಿತು. ಫೋರ್ಡ್ ಮತ್ತು ಎಡಿಸನ್ ಕೂಡಿ ಅಗ್ಗದ ವಿದ್ಯುತ್ ಕಾರು ತಯಾರಿಸುವ ಸುದ್ದಿ 1914ರಲ್ಲಿ ಹೊರಬಿತ್ತು. ಕಾರು ಹೊರಬೀಳಲಿಲ್ಲ.

ಜಲಾಂತರ್ಗಾಮಿಗಳಲ್ಲೂ ಅದೃಷ್ಟ ಕೈಹಿಡಿಯಲಿಲ್ಲ. ಸಮುದ್ರದ ನೀರು ಸೀಸದ ಬ್ಯಾಟರಿಯ ಆಮ್ಲದೊಡನೆ ಬೆರೆತರೆ ವಿಷಕಾರಿ ಕ್ಲೋರಿನ್ ಏಳುತ್ತದೆ, ತನ್ನ ಬ್ಯಾಟರಿಯಲ್ಲಿ ಆ ಭಯವಿಲ್ಲ ಎಂದು ಎಡಿಸನ್ ನೌಕಾಪಡೆಯನ್ನು ಒಪ್ಪಿಸಿದ್ದ. 1916ರ ಜನವರಿಯಲ್ಲಿ ನ್ಯೂಯಾರ್ಕಿನ ನೌಕಾಂಗಣದಲ್ಲಿ ಇ-2 ಎಂಬ ಜಲಾಂತರ್ಗಾಮಿಯೊಳಗೆ ಅದೇ ಬ್ಯಾಟರಿಗಳಿಂದ ಹೊಮ್ಮಿದ ಜಲಜನಕ ಸ್ಫೋಟಿಸಿ ಜೀವಗಳು ಹೋದವು.

ಆದರೂ ಈ ಬ್ಯಾಟರಿ ಆತನಿಗೆ ಹಣ ತಂದುಕೊಟ್ಟಿತು. ಗಣಿ ಕಾರ್ಮಿಕರ ತಲೆದೀಪ, ರೈಲ್ವೆ ಸಿಗ್ನಲ್, ರೈಲು ಬೋಗಿಗಳ ದೀಪ, ಸಾಮಾನು ಸಾಗಿಸುವ ಗಾಡಿಗಳು, ತಂತಿ ತಲುಪದ ಹಳ್ಳಿಮನೆಗಳು... ವೇಗ ಬೇಡ, ಬಾಳಿಕೆ ಬೇಕು ಎಂಬಲ್ಲೆಲ್ಲ ಅದು ನೆಲೆಸಿತು.

ಇನ್ನೊಂದೆಡೆಯೂ ಅದು ಬೆಳಗಿತು. 1910ರ ದಶಕದ ಮಧ್ಯದಿಂದ ಎಡಿಸನ್, ಫೋರ್ಡ್, ಟೈರು ಉದ್ಯಮಿ ಹಾರ್ವಿ ಫೈರ್‌ಸ್ಟೋನ್, ನಿಸರ್ಗ ಲೇಖಕ ಜಾನ್ ಬರೋಸ್ ಈ ನಾಲ್ವರು ಬೇಸಿಗೆಯಲ್ಲಿ ಕಾರುಗಳ ದಿಬ್ಬಣ ಕಟ್ಟಿಕೊಂಡು ಕಾಡು ಬೆಟ್ಟ ಸುತ್ತುತ್ತಿದ್ದರು. ತಮ್ಮನ್ನು ಅಲೆಮಾರಿಗಳೆಂದು ಕರೆದುಕೊಂಡರು. ಜೊತೆಗೆ ಅಡುಗೆಯವರು, ಛಾಯಾಗ್ರಾಹಕರು, ಒಲೆ ಮತ್ತು ಮಂಜಿನ ಪೆಟ್ಟಿಗೆ ಹೊತ್ತ ಲಾರಿ. ಅಂಥದ್ದೊಂದು 1922ರ ಲಿಂಕನ್ ಲಾರಿ ಈಗಲೂ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ರಾತ್ರಿ ಡೇರೆಗಳಲ್ಲಿ ವಿದ್ಯುದ್ದೀಪ ಉರಿಯುತ್ತಿದ್ದುದು ಎಡಿಸನ್ ಬ್ಯಾಟರಿಗಳಿಂದ. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಮೇರಿಲ್ಯಾಂಡ್‌ನ ಬಿಡಾರಕ್ಕೆ ಬಂದಿದ್ದಾಗ ಎಡಿಸನ್ ಮರದ ಕೆಳಗೆ ಬರೀ ನೆಲದ ಮೇಲೆ ನಿದ್ದೆ ಹೋಗಿದ್ದ, ಆ ಚಿತ್ರ ಪ್ರಸಿದ್ಧ. ಇಂದಿನ ಮೋಟಾರು ಮನೆಗಳ ಪೂರ್ವಜರಲ್ಲಿ ಈ ಬಿಡಾರವನ್ನು ಎಣಿಸಬಹುದು. ಪೆಟ್ರೋಲ್ ಕಾರು ಹಗಲು ಓಡಿಸಿತು, ಎಡಿಸನ್‌ನ ಬ್ಯಾಟರಿ ರಾತ್ರಿ ಕಾದಿತು. ಗೆಳೆಯರಿಬ್ಬರ ನಡುವೆ ನಡೆದ ಪೈಪೋಟಿಯ ಫಲಿತಾಂಶವನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ದೃಶ್ಯ ಬೇರೊಂದಿರಲಾರದು.

ಇಂದು ಮೋಟಾರು ಮನೆಗೆ ಲಿಥಿಯಂ ಹಾಕಿಸುವವರು ಎದುರಿಸುವುದು ಅಂದಿನ ಪ್ರಶ್ನೆಗಳನ್ನೇ. ನೂರು ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಸುಮಾರು ಮೂವತ್ತು ಕಿಲೋ ತೂಗುತ್ತದೆ, ಆಯುಷ್ಯ ಉಳಿಯಬೇಕಾದರೆ ಅದರ ಅರ್ಧದಷ್ಟನ್ನೇ ಬಳಸಬೇಕು. ಮೋಟಾರು ಮನೆಗಳಲ್ಲಿ ಬಳಕೆಯಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹನ್ನೆರಡು-ಹದಿನಾಲ್ಕು ಕಿಲೋ, ಬಹುತೇಕ ಪೂರ್ತಿ ಬಳಸಬಹುದು. ಆದರೆ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಮುಗಿಯದು. ಸೀಸದ ಕೋಶ 2 ವೋಲ್ಟ್, ಎಡಿಸನ್‌ನದು 1.2, ಲಿಥಿಯಂನದು 3.2. ಹನ್ನೆರಡು ವೋಲ್ಟಿಗೆ ಸೀಸದ ಆರು ಕೋಶವಿದ್ದಲ್ಲಿ ಎಡಿಸನ್‌ನ ಹತ್ತು ಬೇಕಿತ್ತು, ಲಿಥಿಯಂನ ನಾಲ್ಕು ಸಾಕು. ಹೀಗಾಗಿ ಅಂದಿನಂತೆ ಇಂದೂ ಚಾರ್ಜರ್ ಬದಲಾಗಬೇಕು. ಲಿಥಿಯಂ ಬ್ಯಾಟರಿ ಎಂಜಿನ್ನಿನ ಆಲ್ಟರ್ನೇಟರ್‌ನಿಂದ ಮಿತಿಮೀರಿ ಎಳೆದುಕೊಂಡು ಅದನ್ನು ಸುಟ್ಟುಬಿಡಬಲ್ಲದು, ನಡುವೆ ನಿಯಂತ್ರಕ ಕೂರಿಸಬೇಕು. ಶೂನ್ಯ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದಕ್ಕೆ ಚಾರ್ಜ್ ಮಾಡಲೇಬಾರದು. ಎಂಜಿನ್ ಚಾಲೂ ಮಾಡಲು ಈಗಲೂ ಬಹುತೇಕ ಮೋಟಾರು ಮನೆಗಳಲ್ಲಿ ಸೀಸದ ಬ್ಯಾಟರಿಯೊಂದು ಬೇರೆಯೇ ಇರುತ್ತದೆ.

ಕೊನೆಯ ವರ್ಷಗಳಲ್ಲಿ ಎಡಿಸನ್ ಅಮೆರಿಕದ ನೆಲದಲ್ಲೇ ಬೆಳೆಯುವ ಗಿಡಗಳಿಂದ ರಬ್ಬರ್ ತೆಗೆಯುವ ಪ್ರಯತ್ನದಲ್ಲಿ ಮುಳುಗಿದ್ದ. 1931ರ ಅಕ್ಟೋಬರ್ 18ರಂದು ವೆಸ್ಟ್ ಆರೆಂಜ್‌ನ ಮನೆಯಲ್ಲಿ ತೀರಿಕೊಂಡಾಗ ಆತನಿಗೆ 84 ವರ್ಷ. ಬ್ಯಾಟರಿ ಕಾರ್ಖಾನೆ ಆತನ ನಂತರವೂ ನಾಲ್ಕು ದಶಕ ನಡೆಯಿತು. 1972ರಲ್ಲಿ ಅದನ್ನು ಕೊಂಡದ್ದು ಸೀಸದ ಬ್ಯಾಟರಿಗಳಿಗೆ ಹೆಸರಾದ ಎಕ್ಸೈಡ್. ಮೂರು ವರ್ಷಗಳ ಬಳಿಕ, 1975ರಲ್ಲಿ, ಅದು ಕಬ್ಬಿಣ-ನಿಕ್ಕಲ್ ಬ್ಯಾಟರಿಯ ತಯಾರಿಕೆಯನ್ನು ನಿಲ್ಲಿಸಿತು.