ರಾಬರ್ಟ್ ಶೂಮನ್: ಖಿನ್ನತೆಯ ಮರೆಯಲ್ಲಿದ್ದ ಉತ್ಸಾಹ

ಜರ್ಮನಿಯ ಸಂಗೀತ ರಚನಕಾರ ರಾಬರ್ಟ್ ಶೂಮನ್ 1810ರಲ್ಲಿ ತ್ಸ್ವಿಕಾವ್ ಪಟ್ಟಣದ ಪುಸ್ತಕ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಸಾಹಿತ್ಯದಲ್ಲಿಯೂ ಗಾಢವಾದ ಒಲವಿದ್ದ ಅವನು ತನ್ನ ಸಂಗೀತ ವಿಮರ್ಶೆಗಳಿಗಾಗಿ ಎರಡು ಪಾತ್ರಗಳನ್ನು ಕಲ್ಪಿಸಿದನು: ಆವೇಶದ ಫ್ಲೋರೆಸ್ಟಾನ್ ಮತ್ತು ಅಂತರ್ಮುಖಿಯಾದ ಯುಸೀಬಿಯಸ್. ಅವನ ಬದುಕೂ ಈ ಎರಡು ಸ್ವಭಾವಗಳ ನಡುವೆ ತುಯ್ದಾಡಿತು.

ಕ್ಲಾರಾಳನ್ನು ವಿವಾಹವಾದ 1840ರ ಒಂದೇ ವರ್ಷದಲ್ಲಿ ಅವನು ಹೈನೆ, ಐಖೆನ್‌ಡಾರ್ಫ್ ಮೊದಲಾದವರ ನೂರಕ್ಕೂ ಹೆಚ್ಚು ಕವಿತೆಗಳಿಗೆ ಸ್ವರ ಸಂಯೋಜಿಸಿದನು. 1844ರಲ್ಲಿ ತೀವ್ರ ಖಿನ್ನತೆ ಆವರಿಸಿತು. ರಚನೆ ಬಹುಮಟ್ಟಿಗೆ ನಿಂತಿತು. 1849ರಲ್ಲಿ ಮತ್ತೆ ಕೃತಿಗಳ ಸುಗ್ಗಿ. 1854ರ ಫೆಬ್ರವರಿಯಲ್ಲಿ, ಇಲ್ಲದ ಸ್ವರಗಳು ಕಿವಿಯಲ್ಲಿ ಮೊರೆಯುತ್ತಿರಲು, ಅವನು ರೈನ್ ನದಿಗೆ ಹಾರಿದನು. ಜನರು ಬದುಕಿಸಿದರು. ಬಾನ್ ನಗರದ ಬಳಿಯ ಎಂಡೆನಿಖ್ ಚಿಕಿತ್ಸಾಲಯದಲ್ಲಿ ಎರಡು ವರ್ಷ ಕಳೆದು 1856ರಲ್ಲಿ ತೀರಿಕೊಂಡನು.

ಅವನ ಕೊನೆಯ ಕಾಯಿಲೆ ಯಾವುದೆಂಬ ಬಗ್ಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ಸಿಫಿಲಿಸ್ ಎನ್ನುವವರೂ ಇದ್ದಾರೆ. ಆದರೆ ಕೃತಿಗಳನ್ನು ವರ್ಷವಾರು ಎಣಿಸಿದ ಮನೋವೈದ್ಯರಿಗೆ ಬೈಪೋಲಾರ್ ಕಾಯಿಲೆಯ ಏರಿಳಿತ ಕಂಡಿತು. ಇಳಿವು ರೋಗವಾಗಿ ತೋರುತ್ತದೆ. ಏರು ಪ್ರತಿಭೆಯೆಂದೋ ಹುರುಪೆಂದೋ ಮೆಚ್ಚುಗೆ ಪಡೆಯುತ್ತದೆ. ರೋಗಿ ಕುಗ್ಗಿದಾಗಲಷ್ಟೇ ವೈದ್ಯರಲ್ಲಿಗೆ ಹೋಗುವುದರಿಂದ ಏರಿನ ದಿನಗಳ ಕಥೆ ಹೇಳದೆ ಉಳಿಯುತ್ತದೆ. ಹಾಗೆ ಉಳಿದರೆ ಅಪಾಯವುಂಟು: ಖಿನ್ನತೆಯ ಔಷಧವೊಂದನ್ನೇ ಕೊಟ್ಟಾಗ ಕೆಲವರಲ್ಲಿ ಉನ್ಮಾದ ಕೆರಳಬಹುದು. ಆದುದರಿಂದಲೇ ನಿದ್ರೆ ಕಡಿಮೆಯಾದರೂ ದಣಿವಿಲ್ಲದ, ಮಾತು ಮತ್ತು ಯೋಜನೆಗಳು ಉಕ್ಕಿ ಹರಿದ ದಿನಗಳಿದ್ದವೇ ಎಂದು ಮನೋವೈದ್ಯರು ರೋಗಿಯನ್ನೂ ಮನೆಯವರನ್ನೂ ವಿಚಾರಿಸುತ್ತಾರೆ. ಯುಸೀಬಿಯಸ್‌ನನ್ನು ಕಂಡವರು ಫ್ಲೋರೆಸ್ಟಾನ್‌ನನ್ನೂ ಹುಡುಕಬೇಕು.