ಕೊಬ್ಬಿಗೂ ಒಂದು ಸಂಖ್ಯೆ ಕೊಟ್ಟ ರೈತನ ಮಗ

ನೀಟ್‌ನಲ್ಲಿ ಎಂಬಿಬಿಎಸ್ ಸೀಟು ಸಿಗದೆ ಇಮೇಜಿಂಗ್ ಟೆಕ್ನಾಲಜಿ ಕೋರ್ಸಿಗೆ ಸೇರಿದವಳು ನಾನು. ಮೊದಲ ವರ್ಷ ಪೂರ್ತಿ ಮುಖ ಊದಿಸಿಕೊಂಡೇ ಕ್ಲಾಸಿಗೆ ಹೋಗುತ್ತಿದ್ದೆ. ಒಂದು ದಿನ ಮೇಡಂ ಹಳೆಯ ಸಿ.ಟಿ. ಸ್ಕ್ಯಾನ್ ಚಿತ್ರವೊಂದನ್ನು ತೋರಿಸಿದರು. ಆಗಷ್ಟೇ ಹುಟ್ಟಿದ ಮಗುವಿನ ತಲೆ. ಮಿದುಳಿನ ಎರಡು ಅರ್ಧಗಳ ನಡುವೆ ಕಪ್ಪಗಿನ ಗಡ್ಡೆ. ಗಡ್ಡೆ ಎಂದ ಕೂಡಲೇ ನಮ್ಮೆಲ್ಲರ ಮುಖ ಸಪ್ಪಗಾಯಿತು. ಮೇಡಂ ಮೌಸನ್ನು ಆ ಕಪ್ಪಿನ ಮೇಲೆ ತಂದು ನಿಲ್ಲಿಸಿದರು. ಪರದೆಯ ಮೇಲೆ ಮೈನಸ್ 90 ಎಂದು ಮೂಡಿತು. ಇದು ಬರೀ ಕೊಬ್ಬು, ಲೈಪೋಮಾ, ಕ್ಯಾನ್ಸರ್ ಅಲ್ಲ ಎಂದು ಹೇಳಿದಾಗಲೇ ನಮಗೆ ಉಸಿರು ಬಂದದ್ದು. ಆ ಸಂಖ್ಯೆಗೆ ಹೌನ್ಸ್‌ಫೀಲ್ಡ್ ಯೂನಿಟ್ ಎಂದು ಹೆಸರು. ಯಾರಪ್ಪಾ ಈ ಹೌನ್ಸ್‌ಫೀಲ್ಡ್ ಎಂದು ಅಂದು ರಾತ್ರಿ ಹಾಸ್ಟೆಲಿನಲ್ಲಿ ಕೂತು ಓದಿದೆ.

ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಹುಟ್ಟಿದ್ದು 1919ರ ಆಗಸ್ಟ್ 28ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ. ತಂದೆ ರೈತ. ಐವರು ಮಕ್ಕಳಲ್ಲಿ ಇವರೇ ಕೊನೆಯವರು. ಹೊಲದ ಯಂತ್ರಗಳನ್ನು ನೋಡುತ್ತಲೇ ಬೆಳೆದ ಹುಡುಗ ತಾನೇ ಗ್ಲೈಡರ್ ಮಾಡಿಕೊಂಡು ಹುಲ್ಲಿನ ಬಣವೆಯ ಮೇಲಿಂದ ಹಾರುತ್ತಿದ್ದ. ನೀರು ತುಂಬಿದ ಡಾಂಬರಿನ ಡ್ರಮ್ಮಿಗೆ ಅಸಿಟಲೀನ್ ಅನಿಲ ಸೇರಿಸಿ ರಾಕೆಟ್ಟಿನಂತೆ ಮೇಲಕ್ಕೆ ಚಿಮ್ಮಿಸಲು ಹೋಗಿ ಪ್ರಾಣಕ್ಕೇ ಸಂಚಕಾರ ತಂದುಕೊಳ್ಳುವುದರಲ್ಲಿದ್ದ. ಶಾಲೆಯಲ್ಲಿ ಗಣಿತ, ಭೌತವಿಜ್ಞಾನ ಬಿಟ್ಟರೆ ಬೇರೆ ಯಾವ ಪಾಠವೂ ತಲೆಗೆ ಹತ್ತುತ್ತಿರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ವಾಯುಪಡೆ ಸೇರಿ ರೇಡಾರ್ ಕಲಿತರು, ಕಲಿಸಿದರು. ಯುದ್ಧ ಮುಗಿದ ಮೇಲೆ ಲಂಡನ್ನಿನ ಫ್ಯಾರಡೆ ಹೌಸ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದರು. ವಿಶ್ವವಿದ್ಯಾಲಯದ ಪದವಿ ಅವರಿಗಿರಲಿಲ್ಲ. 1951ರಲ್ಲಿ ಇಎಂಐ ಕಂಪನಿ ಸೇರಿದರು. ನಮ್ಮ ತಾತಂದಿರ ಕಾಲದ ಗ್ರಾಮೊಫೋನ್ ತಟ್ಟೆಗಳ ಮೇಲೆ ನಾಯಿಯ ಚಿತ್ರವಿರುತ್ತಿತ್ತಲ್ಲ, ಆ ಎಚ್‌ಎಂವಿಯ ಮಾತೃಸಂಸ್ಥೆ ಇದೇ. ಅಲ್ಲಿ ಟ್ರಾನ್ಸಿಸ್ಟರ್ ಬಳಸಿದ ದೊಡ್ಡ ಕಂಪ್ಯೂಟರೊಂದನ್ನು ರೂಪಿಸಿದ ತಂಡಕ್ಕೆ ಅವರೇ ಮುಖ್ಯಸ್ಥರಾಗಿದ್ದರು.

ಆ ಕಾಲದಲ್ಲಿ ತಲೆಗೆ ಎಕ್ಸ್‌ರೇ ತೆಗೆದರೆ ಬುರುಡೆಯ ಮೂಳೆ ಕಾಣುತ್ತಿತ್ತೇ ಹೊರತು ಒಳಗಿನ ಮಿದುಳು ಕಾಣುತ್ತಿರಲಿಲ್ಲ. ಮಿದುಳನ್ನು ನೋಡಲೇಬೇಕೆಂದರೆ ಬೆನ್ನಿಗೆ ಸೂಜಿ ಚುಚ್ಚಿ, ಮಿದುಳುಬಳ್ಳಿಯ ಸುತ್ತಲಿನ ದ್ರವ ತೆಗೆದು, ಆ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ಅದಾದ ಮೇಲೆ ದಿನಗಟ್ಟಲೆ ತಲೆ ಸಿಡಿತ, ವಾಂತಿ. ಚಿಕ್ಕ ಮಕ್ಕಳಿಗೂ ಇದೇ ಗತಿ.

1967ರಲ್ಲಿ ಹೌನ್ಸ್‌ಫೀಲ್ಡರಿಗೆ ಒಂದು ಯೋಚನೆ ಹೊಳೆಯಿತು. ಮುಚ್ಚಿದ ಪೆಟ್ಟಿಗೆಯ ಮೂಲಕ ಎಲ್ಲ ದಿಕ್ಕುಗಳಿಂದಲೂ ಕಿರಣ ಹಾಯಿಸಿ, ಎಷ್ಟು ಹೊರಬಂತು ಎಂದು ಅಳೆದರೆ, ಒಳಗೇನಿದೆ ಎಂದು ಲೆಕ್ಕ ಹಾಕಬಹುದಲ್ಲವೇ? ಸೌತೆಕಾಯಿಯನ್ನು ಹೆಚ್ಚದೆಯೇ ಅದರ ಹೋಳನ್ನು ನೋಡಿದ ಹಾಗೆ. ಹಳೆಯ ಲೇತ್ ಯಂತ್ರದ ಮೇಲೆ ಮೊದಲ ಪ್ರಯೋಗ ನಡೆಯಿತು. ಕಿರಣ ಎಷ್ಟು ದುರ್ಬಲವಾಗಿತ್ತೆಂದರೆ ಒಂದೇ ಚಿತ್ರಕ್ಕೆ 9 ದಿನ ಹಿಡಿಯಿತು. 28,000 ಅಳತೆಗಳನ್ನು ಜೋಡಿಸಲು ಕಂಪ್ಯೂಟರಿಗೆ ಎರಡೂವರೆ ಗಂಟೆ ಬೇಕಾಯಿತು. ಎಕ್ಸ್‌ರೇ ಟ್ಯೂಬ್ ಅಳವಡಿಸಿದ ಮೇಲೆ 9 ದಿನ 9 ಗಂಟೆಗಿಳಿಯಿತು. ಪರೀಕ್ಷೆಗೆಂದು ಹೋರಿಯ ಮಿದುಳನ್ನು ಚೀಲದಲ್ಲಿಟ್ಟುಕೊಂಡು ಅವರು ಲಂಡನ್ನಿನ ಜನರ ನಡುವೆ ಪ್ರಯಾಣಿಸುತ್ತಿದ್ದರಂತೆ.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ವೈದ್ಯ ಜೇಮ್ಸ್ ಆಂಬ್ರೋಸ್ ಅವರ ಜೊತೆಗೂಡಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಮಾಡಿದರು. ಆಕೆಯ ಮಿದುಳಿನ ಗಡ್ಡೆ ಸ್ಪಷ್ಟವಾಗಿ ಕಂಡಿತು. ಸೂಜಿ ಚುಚ್ಚಲಿಲ್ಲ, ಗಾಳಿ ತುಂಬಲಿಲ್ಲ.

ಈ ಯಂತ್ರದ ವಿಶೇಷವೆಂದರೆ ಅದು ಚಿತ್ರದ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ ಕೊಡುತ್ತದೆ. ಈಗಿನ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000. ಮೂಳೆ ನೂರಾರು, ಕೆಲವೊಮ್ಮೆ ಸಾವಿರದಾಚೆ. ಮಿದುಳು ಸೊನ್ನೆಗಿಂತ ಸ್ವಲ್ಪ ಮೇಲೆ. ಕೊಬ್ಬು ಮಾತ್ರ ಸೊನ್ನೆಗಿಂತ ಕೆಳಗೆ, ಮೈನಸ್ 100ರ ಆಸುಪಾಸಿನಲ್ಲಿ. ಅದಕ್ಕೇ ಅಪರೂಪದ ಲೈಪೋಮಾ ಬೇರೆ ಗಡ್ಡೆಗಳ ನಡುವೆ ಬಚ್ಚಿಟ್ಟುಕೊಳ್ಳಲಾರದು. ಮಿದುಳಿನ ಲೈಪೋಮಾ ಮಗು ಗರ್ಭದಲ್ಲಿರುವಾಗಲೇ ಆಗುವ ಬೆಳವಣಿಗೆಯ ದೋಷ. ಅದರೊಳಗೆ ರಕ್ತನಾಳಗಳು ಹಾದುಹೋಗುವುದರಿಂದ ಕೈಹಾಕುವುದು ಅಪಾಯ. ಎಷ್ಟೋ ಸಲ ಹಾಗೇ ಬಿಡುವುದೇ ಒಳ್ಳೆಯದು. ಅದು ಕೊಬ್ಬು ಎಂದು ಗೊತ್ತಾದರೆ ಬೇಡದ ಆಪರೇಷನ್ನಿನಿಂದ ಮಗು ಪಾರಾಗುತ್ತದೆ. ಬೆನ್ನುಹುರಿಯ ಲೈಪೋಮಾದ ಕಥೆಯೇ ಬೇರೆ. ಸೊಂಟದ ಹತ್ತಿರ ಗುಳಿ, ಕೂದಲ ಕುಚ್ಚು ಅಥವಾ ಮೆತ್ತನೆಯ ಉಬ್ಬು ಕಂಡರೆ ಒಳಗೆ ಕೊಬ್ಬು ಬೆನ್ನುಹುರಿಯನ್ನು ಕೆಳಗೆ ಕಟ್ಟಿಹಾಕಿರಬಹುದು. ಮಗು ಬೆಳೆದಂತೆ ಹುರಿ ಜಗ್ಗಿ ಕಾಲಿನ ಬಲ, ಮೂತ್ರದ ಹಿಡಿತ ತಪ್ಪಬಹುದು. ಅಲ್ಲಿ ಬೇಗ ಗೊತ್ತಾಗುವುದೇ ಮುಖ್ಯ.

ಈಗ ನವಜಾತ ಶಿಶುಗಳಿಗೆ ಸಿ.ಟಿ. ಮಾಡುವುದು ಕಡಿಮೆ. ವಿಕಿರಣ ಬೇಡವೆಂದು ಮೊದಲು ನೆತ್ತಿಯ ಮೆತ್ತನೆ ಜಾಗದಿಂದ ಅಲ್ಟ್ರಾಸೌಂಡ್ ನೋಡುತ್ತಾರೆ, ಆಮೇಲೆ ಎಂಆರ್‌ಐ. ಎಂಆರ್‌ಐನಲ್ಲಿ ಕೊಬ್ಬು ಬೆಳ್ಳಗೆ ಹೊಳೆಯುತ್ತದೆ. ಕೊಬ್ಬನ್ನು ಅಡಗಿಸುವ ವಿಧಾನ ಬಳಸಿದರೆ ಆ ಬಿಳುಪು ಮಾಯವಾಗುತ್ತದೆ. ಆದರೂ ದೇಹವನ್ನು ಹೋಳು ಹೋಳಾಗಿ ನೋಡುವ ದಾರಿಯನ್ನು ಆಸ್ಪತ್ರೆಗಳಿಗೆ ತಂದವರು ಹೌನ್ಸ್‌ಫೀಲ್ಡರೇ.

1979ರಲ್ಲಿ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಇದರ ಗಣಿತವನ್ನು ಮೊದಲೇ ಬೇರೆಯಾಗಿ ಕಂಡುಕೊಂಡಿದ್ದ ಅಲನ್ ಕಾರ್ಮ್ಯಾಕ್ ಅದನ್ನು ಹಂಚಿಕೊಂಡರು. ಇಬ್ಬರೂ ವೈದ್ಯರಲ್ಲ, ಇಬ್ಬರಿಗೂ ಪಿಎಚ್‌ಡಿ ಇರಲಿಲ್ಲ. ಹೌನ್ಸ್‌ಫೀಲ್ಡ್ ಮದುವೆಯಾಗಲಿಲ್ಲ. ಬಹುಮಾನದ ಹಣದಲ್ಲಿ ಮನೆಯಲ್ಲೇ ಒಂದು ಪ್ರಯೋಗಾಲಯ ಕಟ್ಟಿಕೊಂಡರು. 2004ರ ಆಗಸ್ಟ್ 12ರಂದು ತೀರಿಕೊಂಡರು.

ಈಗ ನಾನು ಪ್ರಾಕ್ಟಿಕಲ್‌ಗೆ ಹೋಗುವ ಆಸ್ಪತ್ರೆಯಲ್ಲಿ ಸ್ಕ್ಯಾನ್ ಕೋಣೆಯ ಹೊರಗೆ ಮಗುವನ್ನು ಒಳಗೆ ಕಳಿಸಿ ಕೂತ ತಾಯಂದಿರನ್ನು ನೋಡುತ್ತೇನೆ. ವರದಿ ಬರೆಯುವುದು ಡಾಕ್ಟರೇ. ಆದರೆ ಮಗು ಅಲುಗಾಡದಂತೆ ಮಲಗಿಸಿ, ಆ ಚಿತ್ರ ಸರಿಯಾಗಿ ಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸೀಟು ಸಿಗಲಿಲ್ಲ ಎಂಬ ಕೊರಗು ಈಚೆಗೆ ನೆನಪಾಗುವುದು ಕಡಿಮೆ.