ಆಯ್ಲರ್ ಮತ್ತು ಹತ್ತು ಅಂಕಿಯ ಸಂಖ್ಯೆ

ಮಕ್ಕಳೇ, 4,29,49,67,297 ಎಂಬ ಸಂಖ್ಯೆಯನ್ನು ಓದಬಲ್ಲಿರಾ? ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷದ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು! ಇದು ಅವಿಭಾಜ್ಯ ಸಂಖ್ಯೆಯೇ? ಅಂದರೆ, 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ? ಇದಕ್ಕೆ ಉತ್ತರ ಕಂಡುಹಿಡಿದವರು ಲಿಯೊನಾರ್ಡ್ ಆಯ್ಲರ್.

ಆಯ್ಲರ್ 1707ರ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜನಿಸಿದರು. ತಂದೆ ಪಾದ್ರಿ. ಮಗನೂ ಪಾದ್ರಿಯಾಗಲಿ ಎಂದು ಅವರ ಆಸೆ. ಆದರೆ ಗಣಿತಜ್ಞ ಯೊಹಾನ್ ಬರ್ನೂಲಿ ಹುಡುಗನ ಪ್ರತಿಭೆಯನ್ನು ಗುರುತಿಸಿ ತಂದೆಯನ್ನು ಒಪ್ಪಿಸಿದರು. 1727ರಲ್ಲಿ ಆಯ್ಲರ್ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಅಲ್ಲಿನ ವಿಜ್ಞಾನ ಅಕಾಡೆಮಿ ಸೇರಿದರು.

ಈಗ ಒಂದು ಲೆಕ್ಕ ಮಾಡೋಣ. 2ನ್ನು 2ರಿಂದ ಗುಣಿಸಿದರೆ 4. 4ನ್ನು 4ರಿಂದ ಗುಣಿಸಿದರೆ 16. ಹೀಗೆಯೇ ಮುಂದುವರಿದರೆ 256, ಆಮೇಲೆ 65,536. ಮೊದಲಿನ 2ನ್ನೂ ಸೇರಿಸಿ ಪ್ರತಿಯೊಂದಕ್ಕೂ 1 ಕೂಡಿಸಿ. 3, 5, 17, 257, 65,537 ಬರುತ್ತವೆ. ಐದೂ ಅವಿಭಾಜ್ಯ ಸಂಖ್ಯೆಗಳೇ! ಹೀಗೆ ಬರುವ ಎಲ್ಲ ಸಂಖ್ಯೆಗಳೂ ಅವಿಭಾಜ್ಯ ಎಂದು ಫ್ರಾನ್ಸಿನ ಮಹಾನ್ ಗಣಿತಜ್ಞ ಫರ್ಮಾ 1640ರಲ್ಲಿ ನಂಬಿದ್ದರು. ಆದರೆ ಸಾಧಿಸಿ ತೋರಿಸಿರಲಿಲ್ಲ. ಆರನೆಯದೇ ನಮ್ಮ ಹತ್ತು ಅಂಕಿಯ ಸಂಖ್ಯೆ.

1729ರಲ್ಲಿ ಗೆಳೆಯ ಗೋಲ್ಡ್‌ಬಾಕ್ ಪತ್ರ ಬರೆದು ಆಯ್ಲರ್ ಅವರ ಗಮನವನ್ನು ಇದರತ್ತ ಸೆಳೆದರು. ಒಂದೊಂದಾಗಿ ಭಾಗಿಸಿ ನೋಡುವುದಾದರೆ 6,500ಕ್ಕೂ ಹೆಚ್ಚು ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಬೇಕು! 1732ರಲ್ಲಿ ಆಯ್ಲರ್ ಉತ್ತರ ಕೊಟ್ಟರು. ಅದು 641ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಮುಂದೆ ಅವರು ಇದಕ್ಕೊಂದು ಸುಲಭ ದಾರಿಯನ್ನೂ ತೋರಿಸಿದರು. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯ ಸಂಖ್ಯೆಯಿಂದ 1 ಕಳೆದರೆ, ಉಳಿದದ್ದು 64ರಿಂದ ಭಾಗವಾಗಲೇಬೇಕು. ಅಂಥವು 193, 257, 449, 577, 641... ಐದನೆಯ ಪ್ರಯತ್ನಕ್ಕೇ ಉತ್ತರ ಸಿಗುತ್ತದೆ!

ಐದು ಸಲ ಸರಿಯಾದದ್ದು ಆರನೆಯ ಸಲವೂ ಸರಿಯಾಗಬೇಕೆಂದಿಲ್ಲ. ದೊಡ್ಡವರು ಹೇಳಿದರೂ ಗಣಿತದಲ್ಲಿ ಸಾಧನೆ ಬೇಕೇ ಬೇಕು.

ಮುಂದೆ ಆಯ್ಲರ್ ಅವರ ಬಲಗಣ್ಣಿನ ದೃಷ್ಟಿ ಹೋಯಿತು. 1766ರ ನಂತರ ಎಡಗಣ್ಣಿಗೂ ಪೊರೆ ಬಂದು ಹೆಚ್ಚುಕಡಿಮೆ ಪೂರ್ತಿ ಕುರುಡರಾದರು. ಆದರೂ ಕೆಲಸ ನಿಲ್ಲಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಮಾಡಿ ಹೇಳುತ್ತಿದ್ದರು, ಮಕ್ಕಳು ಮತ್ತು ಸಹಾಯಕರು ಬರೆದುಕೊಳ್ಳುತ್ತಿದ್ದರು. 2,14,74,83,647 ಅವಿಭಾಜ್ಯ ಸಂಖ್ಯೆ ಎಂದು ಅವರು 1772ರಲ್ಲಿ ತಿಳಿಸಿದ್ದು ಈ ಸ್ಥಿತಿಯಲ್ಲೇ. ಅವರು ಬರೆದ ಪುಸ್ತಕ, ಲೇಖನಗಳು 800ಕ್ಕೂ ಹೆಚ್ಚು. 1783ರ ಸೆಪ್ಟೆಂಬರ್ 18ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವರು ತೀರಿಕೊಂಡರು.

ಫರ್ಮಾ ಅವರ ಸಾಲಿನಲ್ಲಿ 65,537ರ ನಂತರ ಇನ್ನೊಂದು ಅವಿಭಾಜ್ಯ ಸಂಖ್ಯೆ ಇದೆಯೇ? ಕಂಪ್ಯೂಟರುಗಳಿಂದ ಹುಡುಕಿದರೂ ಇದುವರೆಗೆ ಒಂದೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಯಾರೂ ಸಾಧಿಸಿಯೂ ಇಲ್ಲ.

ನೀವೇ ಮಾಡಿ ನೋಡಿ: 67,00,417ನ್ನು 641ರಿಂದ ಗುಣಿಸಿ. ಮೇಲೆ ಓದಿದ ಯಾವ ಸಂಖ್ಯೆ ಬಂತು?